ಗ್ರೀಸಿನ ಬಣ್ಣ ಬಿಡಿ, ಒಳಗಿನ ಸೋಪು ನೋಡಿ

ಮೂರು ಪ್ರಶ್ನೆಗಳು ನನಗೆ ವರ್ಷವಿಡೀ ಬರುತ್ತಲೇ ಇರುತ್ತವೆ. "ಕೆಂಪು ಗ್ರೀಸ್ ಒಳ್ಳೇದಾ, ನೀಲಿ ಒಳ್ಳೇದಾ?" "ಬೇರಿಂಗ್ ಮೇಲೆ ಭಾರ ಜಾಸ್ತಿ, 2 ಬದಲು 3ನೇ ನಂಬರ್ ಹಾಕಲಾ?" "ಇರೋದರ ಮೇಲೇ ಬೇರೆ ಗ್ರೀಸ್ ತುಂಬಿದರೆ ಏನಾದರೂ ಆಗುತ್ತಾ?"

ಮೂರಕ್ಕೂ ಉತ್ತರ ಹುಡುಕುವ ದಾರಿ ಒಂದೇ. ಡಬ್ಬದೊಳಗಿರುವ ಎಣ್ಣೆ ಯಾವುದು, ಆ ಎಣ್ಣೆಯನ್ನು ಹಿಡಿದಿಟ್ಟಿರುವುದು ಯಾವುದು ಅಂತ ಬೇರೆ ಬೇರೆಯಾಗಿ ನೋಡಬೇಕು. ಹಿಡಿದಿಡುವ ವಸ್ತುವಿಗೆ ಥಿಕನರ್ ಅನ್ನುತ್ತಾರೆ, ಅಂದರೆ ಎಣ್ಣೆಯನ್ನು ಗಟ್ಟಿ ಮಾಡುವ ಪದಾರ್ಥ. ಹೆಚ್ಚಿನ ಗ್ರೀಸ್‌ಗಳಲ್ಲಿ ಅದು ಒಂದು ಬಗೆಯ ಸೋಪು. ಬಣ್ಣ ಹಾಕುವುದು ಗುರುತಿಗೆ, ಅಷ್ಟೇ. ಒಬ್ಬ ತಯಾರಕರ ಕೆಂಪು ಗ್ರೀಸಿನಲ್ಲಿ ಲಿಥಿಯಂ ಸೋಪು ಇದ್ದರೆ ಇನ್ನೊಬ್ಬರ ಕೆಂಪಿನಲ್ಲಿ ಬೇರೇನೋ ಇರಬಹುದು. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಗೇ ಮುಗಿಯಿತು. ಉಳಿದೆರಡಕ್ಕೆ ಸ್ವಲ್ಪ ಕೆಲಸ ಇದೆ.

ಶುರು ಮಾಡುವ ಮೊದಲು ಇವು ಹತ್ತಿರ ಇರಲಿ: ಈಗ ಬಳಸುತ್ತಿರುವ ಗ್ರೀಸಿನ ಡಬ್ಬ, ಹೊಸದರ ಡಬ್ಬ, ಎರಡರ ಮಾಹಿತಿ ಹಾಳೆ (ತಯಾರಕರು ಕೊಡುವ ಒಂದೆರಡು ಪುಟದ ತಾಂತ್ರಿಕ ವಿವರ), ಬೇರಿಂಗ್ ನಂಬರ್, ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಒಂದಿಷ್ಟು ಹೀರುವ ಕಾಗದ, ಒಂದು ಗಾಜಿನ ಅಥವಾ ಸ್ಟೀಲ್ ತಗಡಿನ ತುಂಡು.

ಹಂತ 1: ಗ್ರೀಸ್ ಕೆಲಸ ಮಾಡುವುದನ್ನು ಒಮ್ಮೆ ಕಣ್ಣಾರೆ ನೋಡಿ

ಹೀರುವ ಕಾಗದದ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಗ್ರೀಸ್ ಇಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗುಪ್ಪೆಯ ಸುತ್ತ ಎಣ್ಣೆಯ ಉಂಗುರ ಹರಡಿರುತ್ತದೆ. ನಡುವೆ ಉಳಿದ ಗುಪ್ಪೆಯನ್ನು ಬೆರಳಲ್ಲಿ ಒತ್ತಿ ನೋಡಿ. ನಿನ್ನೆಗಿಂತ ಗಟ್ಟಿ, ಸ್ವಲ್ಪ ಒಣಕಲು ಅನ್ನಿಸುತ್ತದೆ. ಹೊರಗೆ ಹೋಗಿದ್ದು ಎಣ್ಣೆ. ಒಳಗೆ ಉಳಿದಿದ್ದರಲ್ಲಿ ಥಿಕನರ್‌ನ ಪಾಲು ಜಾಸ್ತಿಯಾಗಿದೆ.

ಬೇರಿಂಗ್ ಒಳಗೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಗ್ರೀಸಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 70ರಿಂದ 95 ಪಾಲು ಎಣ್ಣೆ, 3ರಿಂದ 30 ಪಾಲು ಥಿಕನರ್, ಮಿಕ್ಕಿದ್ದು ತುಕ್ಕು ತಡೆಯುವ, ಸವೆತ ತಡೆಯುವ ಬೆರಕೆಗಳು. ಥಿಕನರ್ ಎಣ್ಣೆಯಲ್ಲಿ ಕರಗಿರುವುದಿಲ್ಲ. ಸಣ್ಣ ಸಣ್ಣ ನಾರುಗಳಾಗಿ ಒಂದಕ್ಕೊಂದು ತೊಡರಿಕೊಂಡು ಜಾಲ ಕಟ್ಟಿರುತ್ತದೆ. ಲಿಥಿಯಂ ಸೋಪಿನ ನಾರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹುರಿ ಮಾಡಿದ ಹಗ್ಗದ ತುಂಡುಗಳಂತೆ ಕಾಣುತ್ತವೆ. ಉದ್ದ ಕೆಲವೇ ಮೈಕ್ರಾನ್, ದಪ್ಪ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು.

ಗ್ರೀಸನ್ನು ಸ್ಪಂಜಿಗೆ ಹೋಲಿಸುವುದು ರೂಢಿ. ನನಗೆ ಎಣ್ಣೆಯಲ್ಲಿ ನೆನೆದ ಹತ್ತಿ ಬತ್ತಿಯ ಹೋಲಿಕೆ ಜಾಸ್ತಿ ಸರಿ ಅನ್ನಿಸುತ್ತದೆ. ಬತ್ತಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಬೇಕಾದ ಕಡೆ ನಿಧಾನಕ್ಕೆ ಒಸರಿಸುತ್ತದೆ, ತಾನು ಜಾಗ ಬಿಡುವುದಿಲ್ಲ. ತುಂಬಾ ಹೊತ್ತು ಹೊಸಕಿದರೆ ನಾರು ತುಂಡಾಗಿ ಬತ್ತಿಯೇ ಹಾಳಾಗುತ್ತದೆ. ಗ್ರೀಸಿಗೂ ಅದೇ ಗತಿ. ಗುಂಡುಗಳು ಉರುಳುತ್ತಾ ನಾರುಗಳನ್ನು ಅರೆಯುತ್ತವೆ, ಜಾಲ ಸಡಿಲವಾಗುತ್ತದೆ, ಗ್ರೀಸ್ ಮೆತ್ತಗಾಗುತ್ತದೆ. ನಿಲ್ಲಿಸಿದರೆ ಸ್ವಲ್ಪ ಮಟ್ಟಿಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಷ್ಟು ಕಟ್ಟಿಕೊಳ್ಳುತ್ತದೆ ಅನ್ನುವುದು ಥಿಕನರ್‌ನ ಗುಣ.

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಎಣ್ಣೆ ಒಸರುವುದನ್ನು ಕಂಡರೆ ಕೆಲವರು ಗ್ರೀಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಒಸರದೇ ಇದ್ದರೆ ಬೇರಿಂಗ್‌ಗೆ ಎಣ್ಣೆ ಸಿಗುವುದಾದರೂ ಹೇಗೆ? ಡಬ್ಬದ ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆ ನಿಂತಿದ್ದರೆ ಕಲಸಿ ಬಳಸಿ. ಗ್ರೀಸ್ ತೆಗೆದ ಮೇಲೆ ಕುಳಿ ಬಿಡದೆ ಮೇಲ್ಮೈ ಸಮ ಮಾಡಿ ಮುಚ್ಚಿಡಿ. ಕುಳಿ ಇದ್ದರೆ ಸುತ್ತಲಿನ ಎಣ್ಣೆ ಇಳಿದು ಅಲ್ಲಿ ನಿಲ್ಲುತ್ತದೆ. ಎಣ್ಣೆ ಬೆರಳು ಮುಳುಗುವಷ್ಟು ನಿಂತಿದ್ದರೆ ಮಾತ್ರ ಆ ಡಬ್ಬ ಬಿಟ್ಟುಬಿಡಿ.

ಹಂತ 2: ಡಬ್ಬದ ಮೇಲಿನ ನಂಬರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಡಬ್ಬದ ಮೇಲಿನ 2 ಅಥವಾ 3 ಅನ್ನುವುದು ಅಮೆರಿಕದ ಗ್ರೀಸ್ ಸಂಸ್ಥೆಯೊಂದು ಗೊತ್ತು ಮಾಡಿದ ಎನ್‌ಎಲ್‌ಜಿಐ ಗ್ರೇಡ್. ಗ್ರೀಸನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ಸಲ ಕುಟ್ಟಿ, ಅದರೊಳಗೆ ಒಂದು ಲೋಹದ ಶಂಕುವನ್ನು 5 ಸೆಕೆಂಡ್ ಇಳಿಯಲು ಬಿಡುತ್ತಾರೆ. ಎಷ್ಟು ಆಳ ಇಳಿಯಿತು ಅಂತ ಮಿಲಿಮೀಟರ್‌ನ ಹತ್ತನೇ ಪಾಲಿನಲ್ಲಿ ಅಳೆಯುತ್ತಾರೆ. 265ರಿಂದ 295 ಬಂದರೆ ಅದು 2ನೇ ನಂಬರ್. 220ರಿಂದ 250 ಬಂದರೆ 3. 310ರಿಂದ 340 ಬಂದರೆ 1. ಒಟ್ಟು ಒಂಬತ್ತು ಗ್ರೇಡ್ ಇವೆ. ಅಡುಗೆ ಎಣ್ಣೆಯಂತೆ ಹರಿಯುವ 000ದಿಂದ ಇಟ್ಟಿಗೆಯಂಥ 6ರವರೆಗೆ.

ಅಂದರೆ ಈ ನಂಬರ್ ಹೇಳುವುದು ಗಟ್ಟಿತನ ಎಷ್ಟು ಅಂತ, ಅಷ್ಟೇ. ಭಾರ ತಡೆಯುವ ಶಕ್ತಿ ಎಷ್ಟು ಅಂತ ಅಲ್ಲ. ಭಾರ ತಡೆಯುವುದರಲ್ಲಿ ಒಳಗಿನ ಎಣ್ಣೆಯ ಸ್ನಿಗ್ಧತೆಯ ಪಾತ್ರ ದೊಡ್ಡದು. ಸ್ನಿಗ್ಧತೆ ಅಂದರೆ ಎಣ್ಣೆ ಹರಿಯಲು ಎಷ್ಟು ಹಿಂಜರಿಯುತ್ತದೆ ಅನ್ನುವ ಅಳತೆ. ಮಾಹಿತಿ ಹಾಳೆಯಲ್ಲಿ ಅದು "40 ಡಿಗ್ರಿಯಲ್ಲಿ ಮೂಲ ಎಣ್ಣೆಯ ಸ್ನಿಗ್ಧತೆ" ಅಂತ ಬೇರೆ ಸಾಲಿನಲ್ಲಿ ಇರುತ್ತದೆ. ತೆಳು ಎಣ್ಣೆಗೆ ಥಿಕನರ್ ಜಾಸ್ತಿ ಹಾಕಿ 3ನೇ ನಂಬರ್ ಮಾಡಬಹುದು. ದಪ್ಪ ಎಣ್ಣೆಗೆ ಥಿಕನರ್ ಕಡಿಮೆ ಹಾಕಿ 1ನೇ ನಂಬರ್ ಮಾಡಬಹುದು. ನಿಧಾನಕ್ಕೆ ತಿರುಗುವ, ಭಾರ ಹೊರುವ ಬೇರಿಂಗ್‌ಗೆ ಎರಡನೆಯದೇ ವಾಸಿ. 2 ಬಿಟ್ಟು 3 ಹಾಕಿದವರಿಗೆ ಸಿಗುವುದು ಪಂಪಿನಲ್ಲಿ ಸರಿಯಾಗಿ ಸಾಗದ, ಬೇಗ ಎಣ್ಣೆ ಬಿಡದ ಗ್ರೀಸ್. ನೆಟ್ಟಗೆ ನಿಂತ ಶಾಫ್ಟಿನಿಂದ ಗ್ರೀಸ್ ಕೆಳಗೆ ಜಾರುತ್ತಿದೆ ಅಂದಾಗ 3 ಹಾಕುವುದಕ್ಕೆ ಅರ್ಥ ಇದೆ. ಭಾರಕ್ಕಾಗಿ ಹಾಕುವುದಕ್ಕೆ ಇಲ್ಲ.

ಕೆಲವು ಡಬ್ಬಗಳ ಮೇಲೆ ಜರ್ಮನಿಯ ಮಾನದಂಡವಾದ ಡಿಐಎನ್ 51502ರ ಸಂಕೇತ ಇರುತ್ತದೆ, ಉದಾಹರಣೆಗೆ ಕೆಪಿ2ಕೆ-20. ಇದನ್ನು ಬಿಡಿಸುವುದು ಸುಲಭ. ಮೊದಲ ಕೆ ಅಂದರೆ ಬೇರಿಂಗ್ ಗ್ರೀಸ್. ಪಿ ಅಂದರೆ ವಿಪರೀತ ಒತ್ತಡ ತಡೆಯುವ ಬೆರಕೆ ಇದೆ. 2 ಅಂದರೆ ಗಟ್ಟಿತನ. ಎರಡನೇ ಕೆ ಅಂದರೆ 120 ಡಿಗ್ರಿಯವರೆಗೆ ಬಳಸಬಹುದು. ಕೊನೆಯದು ಮೈನಸ್ 20 ಡಿಗ್ರಿವರೆಗಿನ ಚಳಿಗೆ ಆಗುತ್ತದೆ ಅಂತ. ಈ ಎರಡನೇ ಕೆ ಜಾಗದಲ್ಲಿ ಎನ್ ಇದ್ದರೆ 140, ಪಿ ಇದ್ದರೆ 160. ಇಷ್ಟೆಲ್ಲಾ ಹೇಳುವ ಈ ಸಂಕೇತವೂ ಥಿಕನರ್ ಯಾವುದು ಅಂತ ಹೇಳುವುದಿಲ್ಲ, ನೋಡಿ. ಅದಕ್ಕೆ ಮಾಹಿತಿ ಹಾಳೆಯಲ್ಲಿ "ಥಿಕನರ್" ಅಥವಾ "ಸೋಪಿನ ಬಗೆ" ಅನ್ನುವ ಸಾಲನ್ನೇ ಹುಡುಕಬೇಕು. ಆ ಸಾಲು ಇಲ್ಲದ ಹಾಳೆ ಕೊಡುವವರಿಂದ ನಾನಂತೂ ಗ್ರೀಸ್ ಕೊಳ್ಳುವುದಿಲ್ಲ.

ಹಂತ 3: ಥಿಕನರ್‌ಗಳ ಸ್ವಭಾವ ತಿಳಿದುಕೊಳ್ಳಿ

ಇದು ಇಡೀ ಲೇಖನದ ಹೊಟ್ಟೆ. ನಿಧಾನಕ್ಕೆ ಓದಿ.

ಮೊದಲು ಒಂದು ಪದ: ಡ್ರಾಪಿಂಗ್ ಪಾಯಿಂಟ್. ತಳದಲ್ಲಿ ತೂತಿರುವ ಚಿಕ್ಕ ಬಟ್ಟಲಿಗೆ ಗ್ರೀಸ್ ಸವರಿ ಕಾಯಿಸುತ್ತಾ ಹೋಗುತ್ತಾರೆ. ಮೊದಲ ಹನಿ ಬೀಳುವ ಉಷ್ಣತೆಯೇ ಡ್ರಾಪಿಂಗ್ ಪಾಯಿಂಟ್. ಆ ಹೊತ್ತಿಗೆ ಜಾಲ ಕುಸಿದಿರುತ್ತದೆ. ಹಾಗಾಗಿ ಇದು ಬಳಕೆಯ ಮಿತಿ ಅಲ್ಲ, ಕುಸಿತದ ಗುರುತು. ಬಳಕೆಯ ಮಿತಿ ಅದಕ್ಕಿಂತ ಸಾಕಷ್ಟು ಕೆಳಗೆ ಇರಬೇಕು.

ಲಿಥಿಯಂ. ಜಗತ್ತಿನಲ್ಲಿ ತಯಾರಾಗುವ ಗ್ರೀಸಿನಲ್ಲಿ ಬಹುಕಾಲದಿಂದ ಅರ್ಧಕ್ಕಿಂತ ಹೆಚ್ಚು ಪಾಲು ಇದರದ್ದೇ. ಲಿಥಿಯಂ ಸೋಪಿನ ಗ್ರೀಸಿಗೆ ಕ್ಲಾರೆನ್ಸ್ ಅರ್ಲ್ ಎಂಬಾತ 1942ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಇದರ ಸೋಪಿಗೆ ಬೇಕಾದ ಕೊಬ್ಬಿನ ಆಮ್ಲ ಬರುವುದು ಹರಳೆಣ್ಣೆಯಿಂದ. ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿ, ಅದನ್ನು ಲಿಥಿಯಂ ಕ್ಷಾರದ ಜೊತೆ ಬೇಯಿಸಿದರೆ ಸೋಪು ಸಿಗುತ್ತದೆ. ಡ್ರಾಪಿಂಗ್ ಪಾಯಿಂಟ್ ಸುಮಾರು 190 ಡಿಗ್ರಿ, ನಿತ್ಯದ ಬಳಕೆ 120ರ ಆಸುಪಾಸಿನವರೆಗೆ. ಅರೆದರೂ ತಡೆದುಕೊಳ್ಳುತ್ತದೆ, ನೀರನ್ನೂ ಒಂದು ಮಟ್ಟಕ್ಕೆ ತಡೆಯುತ್ತದೆ, ಪಂಪಿನಲ್ಲಿ ಚೆನ್ನಾಗಿ ಸಾಗುತ್ತದೆ. ಯಾವುದರಲ್ಲೂ ಮೊದಲ ಸ್ಥಾನ ಇಲ್ಲ, ಯಾವುದರಲ್ಲೂ ನಪಾಸೂ ಇಲ್ಲ. ಬ್ಯಾಟರಿಗಳಿಗೆ ಲಿಥಿಯಂ ಬೇಡಿಕೆ ಏರಿದ ಮೇಲೆ ಇದರ ಬೆಲೆ ಏರಿಳಿಯುತ್ತಿದೆ. ಅದಕ್ಕೇ ತಯಾರಕರು ಕ್ಯಾಲ್ಸಿಯಂ ಕಡೆ ಹೊರಳುತ್ತಿದ್ದಾರೆ. ನಿಮ್ಮ ಹಳೇ ಬ್ರ್ಯಾಂಡಿನ ಥಿಕನರ್ ಸದ್ದಿಲ್ಲದೆ ಬದಲಾಗಿರಬಹುದು, ಹೊಸ ಡಬ್ಬ ಬಂದಾಗಲೆಲ್ಲ ಹಾಳೆ ನೋಡಿ.

ಲಿಥಿಯಂ ಕಾಂಪ್ಲೆಕ್ಸ್. ಹೆಸರಿನಲ್ಲಿರುವ "ಕಾಂಪ್ಲೆಕ್ಸ್" ಅಂದರೆ ಕೊಬ್ಬಿನ ಆಮ್ಲದ ಜೊತೆ ಇನ್ನೊಂದು ಚಿಕ್ಕ ಆಮ್ಲವನ್ನೂ ಸೇರಿಸಿ ಸೋಪು ಮಾಡಿದ್ದಾರೆ ಅಂತ. ಎರಡೂ ಒಂದೇ ಹರಳಿನಲ್ಲಿ ಹೆಣೆದುಕೊಳ್ಳುವುದರಿಂದ ಜಾಲ ಬಿಸಿಗೆ ಬೇಗ ಕುಸಿಯುವುದಿಲ್ಲ. ಡ್ರಾಪಿಂಗ್ ಪಾಯಿಂಟ್ 260ರ ಸುತ್ತ ಏರುತ್ತದೆ. ವಾಹನದ ಚಕ್ರದ ಬೇರಿಂಗ್‌ಗೆ, ಬ್ರೇಕಿನ ಬಿಸಿ ತಾಗುವ ಕಡೆಗೆ ಇದು ಸರಿ.

ಕ್ಯಾಲ್ಸಿಯಂ ಸೋಪು ನೀರಿನ ಗೆಳೆಯ. ಇದರಲ್ಲಿ ಎರಡು ಬಗೆ ಇವೆ, ಎಡವುವುದು ಇಲ್ಲೇ. ಹಳೆಯ ಬಗೆಯಲ್ಲಿ ಜಾಲ ನಿಂತಿರುವುದೇ ಸ್ವಲ್ಪ ನೀರಿನ ಬಲದ ಮೇಲೆ. ಗ್ರೀಸ್ 80 ಡಿಗ್ರಿ ದಾಟಿ ಕಾದರೆ ಆ ನೀರು ಆವಿಯಾಗಿ ಹೋಗುತ್ತದೆ, ಸೋಪು ಎಣ್ಣೆ ಬೇರೆ ಬೇರೆಯಾಗುತ್ತವೆ. ತಣ್ಣಗಾದ ಮೇಲೂ ಮತ್ತೆ ಒಂದಾಗುವುದಿಲ್ಲ. ಅದಕ್ಕೇ ಇದನ್ನು 60 ಡಿಗ್ರಿ ಮೀರದ ಕಡೆ ಮಾತ್ರ ಬಳಸಬೇಕು. ಹೊಸ ಬಗೆಯಾದ ನೀರಿಲ್ಲದ ಕ್ಯಾಲ್ಸಿಯಂ ಇನ್ನಷ್ಟು ಬಿಸಿ ತಡೆಯುತ್ತದೆ, ಡ್ರಾಪಿಂಗ್ ಪಾಯಿಂಟ್ 140ರ ಹತ್ತಿರ. ಹಾಳೆಯಲ್ಲಿ ಸುಮ್ನೆ "ಕ್ಯಾಲ್ಸಿಯಂ" ಅಂತಿದ್ದರೆ ಡ್ರಾಪಿಂಗ್ ಪಾಯಿಂಟ್ ನೋಡಿ. 100ರ ಆಸುಪಾಸು ಇದ್ದರೆ ಹಳೇ ಬಗೆ.

ಸೋಡಿಯಂ. ಬೆರಳಿನ ನಡುವೆ ಹಿಡಿದು ಎಳೆದರೆ ಎಳೆ ಎಳೆಯಾಗಿ ಬರುತ್ತದೆ, ನಾರು ಅಷ್ಟು ಉದ್ದ. ಒಣ ಜಾಗದಲ್ಲಿ ಬಿಸಿ ತಡೆಯುತ್ತದೆ. ನೀರು ಸೋಕಿತೋ, ಬಟ್ಟೆ ಸೋಪಿನಂತೆ ಕದಡಿ ತೊಳೆದುಹೋಗುತ್ತದೆ. ಈಗ ಬಳಕೆ ಕಡಿಮೆ.

ಕ್ಯಾಲ್ಸಿಯಂ ಸಲ್ಫೋನೇಟ್ ಕಾಂಪ್ಲೆಕ್ಸ್. ಹೆಸರಲ್ಲಿ ಕ್ಯಾಲ್ಸಿಯಂ ಇದೆ ಅಂತ ಮೇಲಿನದರ ಜೊತೆ ಸೇರಿಸಬೇಡಿ. ಇದರ ಜಾಲ ಸೋಪಿನ ನಾರಿನದ್ದಲ್ಲ. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸೈಟ್ ಅನ್ನುವ ಖನಿಜದ ಅತಿ ಸಣ್ಣ ಚೂರುಗಳಿಂದ ಆದದ್ದು. ಆ ಚೂರುಗಳೇ ಲೋಹದ ಮೇಲೆ ಕೂತು ಭಾರ ತಡೆಯುತ್ತವೆ, ತುಕ್ಕನ್ನೂ ತಡೆಯುತ್ತವೆ. ಬೇರೆ ಗ್ರೀಸ್‌ಗೆ ಬೆರಕೆ ಹಾಕಿ ತರುವ ಗುಣ ಇದಕ್ಕೆ ಥಿಕನರ್‌ನಿಂದಲೇ ಬರುತ್ತದೆ. ಡ್ರಾಪಿಂಗ್ ಪಾಯಿಂಟ್ 300 ದಾಟುತ್ತದೆ. ನೀರು, ಭಾರ, ಬಿಸಿ ಮೂರೂ ಒಟ್ಟಿಗಿರುವ ಕಡೆ, ಅಂದರೆ ಉಕ್ಕಿನ ರೋಲಿಂಗ್ ಮಿಲ್, ಕಾಗದದ ಕಾರ್ಖಾನೆ, ಹಡಗು ಇಂಥ ಕಡೆ, ನನ್ನ ಮೊದಲ ಆಯ್ಕೆ ಇದೇ. ಆದರೆ ಥಿಕನರ್ ಪ್ರಮಾಣ ಜಾಸ್ತಿ ಬೇಕಾಗುವುದರಿಂದ ಎಣ್ಣೆಗೆ ಉಳಿಯುವ ಜಾಗ ಕಡಿಮೆ. ಚಳಿಯಲ್ಲಿ ಉದ್ದನೆಯ ಪೈಪಿನಲ್ಲಿ ಪಂಪ್ ಮಾಡಲು ಒದ್ದಾಡಬೇಕಾಗಬಹುದು.

ಪಾಲಿಯೂರಿಯಾ. ಇದು ಸೋಪೇ ಅಲ್ಲ, ಲೋಹವೂ ಇಲ್ಲ. ಲೋಹ ಇದ್ದರೆ ಎಣ್ಣೆ ಗಾಳಿಯ ಜೊತೆ ಬೆರೆತು ಹಳಸುವುದು ಚುರುಕಾಗುತ್ತದೆ. ಇಲ್ಲಿ ಆ ಕಾಟ ಇಲ್ಲದ ಕಾರಣ ಬಾಳಿಕೆ ಜಾಸ್ತಿ. ಒಮ್ಮೆ ತುಂಬಿ ಸೀಲ್ ಮಾಡಿಬಿಡುವ ಎಲೆಕ್ಟ್ರಿಕ್ ಮೋಟಾರ್ ಬೇರಿಂಗ್‌ಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಇದರ ದೋಷ ಒಂದೇ, ಆದರೆ ದೊಡ್ಡದು: ನೆರೆಹೊರೆಯವರ ಜೊತೆ ಹೊಂದುವುದಿಲ್ಲ. ಮುಂದೆ ಹೇಳುತ್ತೇನೆ.

ಬೆಂಟೊನೈಟ್ ಜೇಡಿ. ಜೇಡಿಮಣ್ಣಿನ ಹಾಳೆಗಳನ್ನು ಎಣ್ಣೆಗೆ ಒಗ್ಗುವಂತೆ ಸಂಸ್ಕರಿಸಿ ಮಾಡಿದ ಥಿಕನರ್. ಜೇಡಿ ಕರಗುವುದಿಲ್ಲ, ಹಾಗಾಗಿ ಡ್ರಾಪಿಂಗ್ ಪಾಯಿಂಟೇ ಇಲ್ಲ. "ಎಷ್ಟು ಬಿಸಿಗಾದರೂ ಆಗುತ್ತೆ" ಅಂತ ಮಾರುವವರು ಹೇಳುವುದು ಇದನ್ನೇ. ನಂಬಬೇಡಿ. ಜೇಡಿ ಕರಗದಿದ್ದರೂ ಎಣ್ಣೆ ಆವಿಯಾಗುತ್ತದೆ, ಸುಡುತ್ತದೆ. ಆಮೇಲೆ ಬೇರಿಂಗ್‌ನಲ್ಲಿ ಉಳಿಯುವುದು ಒಣ ಮಣ್ಣು. ಬಿಸಿ ಕಡೆ ಬಳಸುವುದಾದರೆ ಮತ್ತೆ ಮತ್ತೆ ಹೊಸ ಗ್ರೀಸ್ ಕೊಡುವ ವ್ಯವಸ್ಥೆ ಇರಲೇಬೇಕು.

ಅಲ್ಯೂಮಿನಿಯಂ ಕಾಂಪ್ಲೆಕ್ಸ್ ನೀರನ್ನು ಚೆನ್ನಾಗಿ ತಡೆಯುತ್ತದೆ. ಆಹಾರ ತಯಾರಿಸುವ ಯಂತ್ರಗಳ ಗ್ರೀಸಿನಲ್ಲಿ ಜಾಸ್ತಿ ಕಾಣುತ್ತದೆ.

ಹಂತ 4: ನಿಮ್ಮ ಯಂತ್ರಕ್ಕೆ ಹೊಂದಿಸಿ

ಈಗ ಬೇರಿಂಗ್ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಬಿಸಿ? ನೀರು ಬೀಳುತ್ತದಾ? ಎಷ್ಟು ವೇಗ? ಎಷ್ಟು ಭಾರ? ಮೊದಲೆರಡಕ್ಕೆ ಉತ್ತರ ಮುಖ್ಯವಾಗಿ ಥಿಕನರ್‌ನಲ್ಲಿದೆ. ಕೊನೆಯೆರಡಕ್ಕೆ ಎಣ್ಣೆಯ ಸ್ನಿಗ್ಧತೆಯಲ್ಲಿದೆ.

ಬಿಸಿಯನ್ನು ಊಹಿಸಬೇಡಿ, ಅಳೆಯಿರಿ. ಬೇರಿಂಗ್ ಉಷ್ಣತೆ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಮರುಗ್ರೀಸಿಂಗ್ ಅವಧಿ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬೇರಿಂಗ್ ತಯಾರಕರು ಕೊಡುವ ಲೆಕ್ಕ. 70ರಲ್ಲಿ ಆರು ತಿಂಗಳಿಗೊಮ್ಮೆ ಹಾಕುತ್ತಿದ್ದರೆ 85ರಲ್ಲಿ ಮೂರು ತಿಂಗಳು, 100ರಲ್ಲಿ ಒಂದೂವರೆ ತಿಂಗಳು.

ವೇಗಕ್ಕೆ ಒಂದು ಸುಲಭ ಲೆಕ್ಕ ಇದೆ. ಬೇರಿಂಗಿನ ಒಳ ವ್ಯಾಸ, ಹೊರ ವ್ಯಾಸ ಕೂಡಿ ಅರ್ಧ ಮಾಡಿ, ನಿಮಿಷದ ಸುತ್ತುಗಳಿಂದ ಗುಣಿಸಿ. 6208 ನಂಬರಿನ ಬೇರಿಂಗ್ ಒಳಗೆ 40, ಹೊರಗೆ 80 ಮಿಲಿಮೀಟರ್. ಸರಾಸರಿ 60. ನಿಮಿಷಕ್ಕೆ 3000 ಸುತ್ತಾದರೆ 1,80,000. ಸಾಮಾನ್ಯ 2ನೇ ನಂಬರ್ ಲಿಥಿಯಂಗೆ ಇದು ಭಾರವೇನಲ್ಲ. 5,00,000 ದಾಟಿದರೆ ಮಾತ್ರ ಮಾಮೂಲಿ ಗ್ರೀಸ್ ಬಿಟ್ಟು ಬೇರಿಂಗ್ ತಯಾರಕರ ಸಲಹೆ ಪಡೆಯಿರಿ.

ಒಂದು ವಿಶೇಷ ಪ್ರಕರಣ ಹೇಳಲೇಬೇಕು. ಮೋಟಾರನ್ನು ಪಂಪಿಗೆ ಜೋಡಿಸುವ ಗೇರ್ ಕಪ್ಲಿಂಗ್‌ಗೆ ಬೇರಿಂಗ್ ಗ್ರೀಸ್ ತುಂಬುವವರು ಬಹಳ. ಕಪ್ಲಿಂಗ್ ಇಡಿಯಾಗಿ ಗಿರಗಿರನೆ ತಿರುಗುತ್ತದೆ. ಸೋಪು ಎಣ್ಣೆಗಿಂತ ಭಾರ, ಹಾಗಾಗಿ ಹೊರಗಡೆಗೆ ಎಸೆಯಲ್ಪಟ್ಟು ಸರಿಯಾಗಿ ಹಲ್ಲುಗಳಿರುವ ಜಾಗದಲ್ಲೇ ಗಟ್ಟಿಯಾಗಿ ಕೂರುತ್ತದೆ. ಎಣ್ಣೆ ಹಲ್ಲಿಗೆ ಸಿಗದೆ ಒಳಗಡೆ ಉಳಿಯುತ್ತದೆ. ತೆರೆದು ನೋಡಿದರೆ ಗ್ರೀಸ್ ತುಂಬಿದೆ, ಹಲ್ಲು ಮಾತ್ರ ಸವೆದಿದೆ! ಕಪ್ಲಿಂಗ್‌ಗೆ ಅಂತಲೇ ಮಾಡಿದ, ಹಾಗೆ ಬೇರ್ಪಡದ ಗ್ರೀಸ್ ಸಿಗುತ್ತದೆ. ಅದನ್ನೇ ಹಾಕಿ.

ಹಂತ 5: ಬೆರೆಸುವ ಮೊದಲು ಪರೀಕ್ಷೆ ಮಾಡಿ

ಒಳ್ಳೆಯ ಗ್ರೀಸ್ ಎರಡು ಸೇರಿದರೆ ಇನ್ನೂ ಒಳ್ಳೆಯದಾಗಬೇಕಲ್ವಾ? ಆಗುವುದಿಲ್ಲ. ಒಂದರ ಜಾಲ ಇನ್ನೊಂದರ ಜಾಲವನ್ನು ಬಿಡಿಸಿಹಾಕಬಹುದು. ಆಗ ಎರಡಕ್ಕಿಂತಲೂ ಮೆತ್ತಗಿನ, ಕೆಲವೊಮ್ಮೆ ಎರಡಕ್ಕಿಂತಲೂ ಗಟ್ಟಿಯಾದ ಪದಾರ್ಥ ಸಿಗುತ್ತದೆ. ನಾನೂ ಇದನ್ನು ಪೆಟ್ಟು ತಿಂದೇ ಕಲಿತವನು. ಪಾಲಿಯೂರಿಯಾ ಇದ್ದ ಮೋಟಾರಿಗೆ ಕೈಗೆ ಸಿಕ್ಕ ಲಿಥಿಯಂ ಒತ್ತಿದ್ದೆ. ಕೆಲವೇ ವಾರಗಳಲ್ಲಿ ಸೀಲಿನ ಸಂದಿಯಿಂದ ಗ್ರೀಸ್ ಎಣ್ಣೆಯಂತೆ ಸೋರತೊಡಗಿತ್ತು, ಬೇರಿಂಗ್ ಕಿರುಗುಡುತ್ತಿತ್ತು.

ಸ್ಥೂಲವಾಗಿ ಹೇಳುವುದಾದರೆ ಲಿಥಿಯಂ ಮತ್ತು ಲಿಥಿಯಂ ಕಾಂಪ್ಲೆಕ್ಸ್ ಹೊಂದುತ್ತವೆ. ಲಿಥಿಯಂ ಮತ್ತು ನೀರಿಲ್ಲದ ಕ್ಯಾಲ್ಸಿಯಂ ಸಾಮಾನ್ಯವಾಗಿ ಹೊಂದುತ್ತವೆ. ಜೇಡಿ ಹೆಚ್ಚುಕಡಿಮೆ ಯಾರ ಜೊತೆಗೂ ಹೊಂದುವುದಿಲ್ಲ. ಅಲ್ಯೂಮಿನಿಯಂ ಕಾಂಪ್ಲೆಕ್ಸ್ ಕೂಡ ಹೆಚ್ಚಿನವುಗಳ ಜೊತೆ ಹೊಂದುವುದಿಲ್ಲ. ಪಾಲಿಯೂರಿಯಾ ಮತ್ತು ಲಿಥಿಯಂ ಹೊಂದುವುದಿಲ್ಲ ಅಂತಲೇ ಇಟ್ಟುಕೊಂಡು ನಡೆಯಿರಿ. ಎರಡು ಬೇರೆ ಬೇರೆ ಪಾಲಿಯೂರಿಯಾಗಳೇ ಪರಸ್ಪರ ಹೊಂದದಿರುವುದೂ ಉಂಟು. ಪಟ್ಟಿ ನೋಡಿ ತೀರ್ಮಾನಿಸುವುದಕ್ಕಿಂತ ಪರೀಕ್ಷೆ ಮಾಡುವುದು ಮೇಲು.

ಪ್ರಯೋಗಾಲಯದಲ್ಲಿ ಮಾಡಲು ಅಮೆರಿಕದ ಮಾನದಂಡ ಸಂಸ್ಥೆಯ ಎಎಸ್‌ಟಿಎಂ ಡಿ 6185 ಅನ್ನುವ ವಿಧಾನ ಇದೆ. ಎರಡೂ ಗ್ರೀಸನ್ನು 50:50, 10:90, 90:10 ಪ್ರಮಾಣದಲ್ಲಿ ಬೆರೆಸಿ ಡ್ರಾಪಿಂಗ್ ಪಾಯಿಂಟ್, ಅರೆತಕ್ಕೆ ತಡೆಯುವ ಶಕ್ತಿ, ಬಿಸಿಯಲ್ಲಿಟ್ಟಾಗ ಗಟ್ಟಿತನದ ಬದಲಾವಣೆ ನೋಡುತ್ತಾರೆ. ದುಬಾರಿ ಯಂತ್ರ ಇದ್ದರೆ ಮಾಹಿತಿ ಹಾಳೆ ಕೊಟ್ಟವರನ್ನೇ ಈ ಫಲಿತಾಂಶ ಕೇಳಿ.

ಕಾರ್ಯಾಗಾರದಲ್ಲಿ ಮಾಡಬಹುದಾದ ಒರಟು ಪರೀಕ್ಷೆ ಹೀಗಿದೆ:

1. ಎರಡೂ ಗ್ರೀಸನ್ನು ಸಮಪಾಲು ತೆಗೆದು ಚಪ್ಪಟೆ ಚಾಕುವಿನಿಂದ ಐದು ನಿಮಿಷ ಚೆನ್ನಾಗಿ ಅರೆಯಿರಿ. ಸುಮ್ನೆ ಕಲಸಿದರೆ ಸಾಲದು, ಒತ್ತಿ ಎಳೆಯಬೇಕು.
2. ಗಾಜಿನ ತುಂಡಿನ ಮೇಲೆ ಒಂದೇ ಗಾತ್ರದ ಮೂರು ಗುಪ್ಪೆ ಇಡಿ: ಹಳೆಯದು, ಹೊಸದು, ಮಿಶ್ರಣ.
3. ಗಾಜನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ, 80 ಡಿಗ್ರಿಯ ಆಸುಪಾಸಿನ ಬಿಸಿ ಗಾಳಿಯ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಬಿಡಿ. ಬೆಂಕಿಯ ಮೇಲೆ ಇಡಬೇಡಿ.
4. ಮಿಶ್ರಣ ಮಾತ್ರ ಜಾರಿದ್ದರೆ, ಎಣ್ಣೆ ಬಿಟ್ಟಿದ್ದರೆ, ಅಥವಾ ಕಲ್ಲಾಗಿದ್ದರೆ ಬೆರೆಸುವ ಯೋಚನೆ ಬಿಡಿ.

ಈ ಪರೀಕ್ಷೆಯಲ್ಲಿ ನಪಾಸಾದರೆ ಖಂಡಿತ ನಪಾಸು. ಪಾಸಾದರೆ ಖಂಡಿತ ಪಾಸು ಅಂತ ಅಲ್ಲ. ಥಿಕನರ್ ಹೊಂದಿದರೂ ಎಣ್ಣೆಗಳು ಹೊಂದದಿರಬಹುದು. ಸಿಲಿಕೋನ್ ಎಣ್ಣೆಯ ಗ್ರೀಸನ್ನು ಖನಿಜ ಎಣ್ಣೆಯದರ ಜೊತೆ ಯಾವತ್ತೂ ಬೆರೆಸಬೇಡಿ.

ಹಂತ 6: ಗ್ರೀಸ್ ಬದಲಾಯಿಸುವುದು

ಬೇರಿಂಗ್ ಬಿಚ್ಚಲು ಆಗುವುದಾದರೆ ಬಿಚ್ಚಿ ತೊಳೆಯುವುದೇ ಸರಿ. ತೊಳೆಯಲು ಪೆಟ್ರೋಲ್ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ತೊಳೆದ ಬೇರಿಂಗನ್ನು ಗಾಳಿಯ ಪೈಪಿನಿಂದ ಗಿರ್ರನೆ ತಿರುಗಿಸುವ ಆಟವೂ ಬೇಡ. ಎಣ್ಣೆಯಿಲ್ಲದೆ ತಿರುಗಿದ ಬೇರಿಂಗಿಗೆ ಗೀರು ಬೀಳುತ್ತದೆ, ಕೆಲವೊಮ್ಮೆ ಗುಂಡುಗಳೇ ಸಿಡಿದು ಬರುತ್ತವೆ. ಒಣಗಿದ ಮೇಲೆ ಗುಂಡುಗಳ ನಡುವೆ ಗ್ರೀಸ್ ತುಂಬಿ, ಸುತ್ತಲಿನ ಖಾಲಿ ಜಾಗದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಾತ್ರ ಹಾಕಿ.

ಬಿಚ್ಚಲು ಆಗದಿದ್ದರೆ ಹಳೆಯದನ್ನು ತಳ್ಳಿ ಹೊರಹಾಕಬೇಕು. ಕೆಳಗಿನ ಡ್ರೈನ್ ಪ್ಲಗ್ ತೆಗೆಯಿರಿ. ಸುರಕ್ಷಿತ ಅನ್ನಿಸಿದರೆ ಯಂತ್ರ ನಿಧಾನಕ್ಕೆ ತಿರುಗುತ್ತಿರಲಿ. ನಿಪ್ಪಲ್ (ಗ್ರೀಸ್ ಒತ್ತುವ ಚಿಕ್ಕ ಬಾಯಿ) ಒರೆಸಿ, ಹೊಸ ಗ್ರೀಸ್ ಹೊರಬರುವವರೆಗೆ ಮೆಲ್ಲಗೆ ಒತ್ತಿ. ಮೂಲೆಗಳಲ್ಲಿ ಹಳೆಯದು ಉಳಿದೇ ಉಳಿಯುತ್ತದೆ, ಹಾಗಾಗಿ ಮೊದಲ ಕೆಲವು ಸಲ ಮಾಮೂಲಿಗಿಂತ ಬೇಗ ಬೇಗ ಹಾಕಿ. ಡ್ರೈನ್ ಇಲ್ಲದ ಬೇರಿಂಗಿಗೆ ಈ ವಿಧಾನ ಬೇಡ, ಸೀಲ್ ಕಿತ್ತು ಬರುತ್ತದೆ.

ಮಾಮೂಲಿ ಮರುಗ್ರೀಸಿಂಗ್‌ಗೆ ಎಷ್ಟು ಗ್ರಾಂ? ಹೊರ ವ್ಯಾಸವನ್ನು ಅಗಲದಿಂದ ಗುಣಿಸಿ 0.005ರಿಂದ ಗುಣಿಸಿ, ಎರಡೂ ಮಿಲಿಮೀಟರ್‌ನಲ್ಲಿ. ಅದೇ 6208ಕ್ಕೆ 80 ಗುಣಿಸು 18 ಗುಣಿಸು 0.005, ಅಂದರೆ 7.2 ಗ್ರಾಂ. ಇದನ್ನು ಗ್ರೀಸ್ ಗನ್ನಿನ (ಗ್ರೀಸ್ ಒತ್ತುವ ಕೈ ಪಂಪಿನ) ಭಾಷೆಗೆ ತರಲು ತಕ್ಕಡಿಯ ಮೇಲೆ ಕಾಗದವಿಟ್ಟು 10 ಸಲ ಹಿಡಿ ಒತ್ತಿ ತೂಗಿ. 12 ಗ್ರಾಂ ಬಂದರೆ ಒಂದು ಒತ್ತಿಗೆ 1.2 ಗ್ರಾಂ, ಅಂದರೆ ನಿಮ್ಮ ಬೇರಿಂಗಿಗೆ ಆರು ಒತ್ತು. ಗನ್ನಿನಿಂದ ಗನ್ನಿಗೆ ಇದು ಬೇರೆಯಾಗುತ್ತದೆ, ಆದ್ದರಿಂದ ಸಂಖ್ಯೆಯನ್ನು ಗನ್ ಮೇಲೆಯೇ ಬರೆದಿಡಿ. ಪಕ್ಕದಲ್ಲಿ ಥಿಕನರ್ ಹೆಸರನ್ನೂ ಬರೆಯಿರಿ. ಒಂದು ಗನ್ನಿಗೆ ಒಂದೇ ಗ್ರೀಸ್.

ಎಚ್ಚರಿಕೆ: ಕೈ ಗ್ರೀಸ್ ಗನ್ ಕೂಡ ನೂರಾರು ಬಾರ್ ಒತ್ತಡ ಹುಟ್ಟಿಸುತ್ತದೆ. ಪೈಪಿನ ಬಿರುಕನ್ನು ಬೆರಳಿನಿಂದ ಮುಚ್ಚಬೇಡಿ. ಗ್ರೀಸ್ ಚರ್ಮದೊಳಗೆ ನುಗ್ಗಿದರೆ ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರದಿರಬಹುದು. ಆದರೂ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ತಡವಾದರೆ ಬೆರಳೇ ಹೋಗಬಹುದು.

ಹಂತ 7: ಹಾಕಿದ ಮೇಲೆ ನೋಡುತ್ತಿರಿ

ಹೊಸ ಗ್ರೀಸ್ ಹಾಕಿ ಯಂತ್ರ ಓಡಿಸಿದ ಮೊದಲ ಕೆಲವು ಗಂಟೆ ಬೇರಿಂಗ್ ಬಿಸಿಯಾಗುತ್ತದೆ. ಗಾಬರಿ ಬೇಡ. ಗುಂಡುಗಳು ಹೆಚ್ಚುವರಿ ಗ್ರೀಸನ್ನು ಪಕ್ಕಕ್ಕೆ ತಳ್ಳಿ ದಾರಿ ಮಾಡಿಕೊಳ್ಳುತ್ತಿವೆ. ದಾರಿಯಾದ ಮೇಲೆ ಉಷ್ಣತೆ ಇಳಿದು ಒಂದು ಕಡೆ ನಿಲ್ಲುತ್ತದೆ. ಇಳಿಯದೇ ಇದ್ದರೆ ಜಾಸ್ತಿ ತುಂಬಿದ್ದೀರಿ, ಇಲ್ಲವೇ ಗ್ರೀಸ್ ಪಕ್ಕಕ್ಕೆ ನಿಲ್ಲದೆ ಮತ್ತೆ ಮತ್ತೆ ಗುಂಡಿನಡಿಗೆ ಕುಸಿದು ಬೀಳುತ್ತಿದೆ.

ಮುಂದಿನ ಸಲ ಹೊರಬರುವ ಹಳೇ ಗ್ರೀಸನ್ನು ಒರೆಸಿ ಎಸೆಯುವ ಮೊದಲು ಬೆರಳಲ್ಲಿ ಉಜ್ಜಿ ನೋಡಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ, ಸೀಲ್ ನೋಡಿ. ಕಪ್ಪಾಗಿ ಗಟ್ಟಿಯಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಹಳಸಿದೆ ಅಥವಾ ಒಸರಿ ಮುಗಿದಿದೆ, ಅವಧಿ ಕಡಿಮೆ ಮಾಡಿ ಅಥವಾ ಥಿಕನರ್ ಬದಲಿಸಿ. ತಿಳಿಯಾಗಿ ಹರಿಯುತ್ತಿದ್ದರೆ ಜಾಲ ಮುರಿದಿದೆ. ಆಗ ಮೊದಲು ಕೇಳಬೇಕಾದದ್ದು "ಈ ಬೇರಿಂಗಿಗೆ ಕಳೆದ ಸಲ ಗ್ರೀಸ್ ಹಾಕಿದ್ದು ಯಾರು, ಯಾವ ಗನ್ನಿನಿಂದ?" ಅಂತ. ಬೆರಳಿಗೆ ಮಿರಮಿರ ಹೊಳೆಯುವ ಲೋಹದ ಪುಡಿ ತಾಗಿದರೆ ಗ್ರೀಸಿನ ಚರ್ಚೆ ಅಲ್ಲಿಗೆ ನಿಲ್ಲಿಸಿ, ಹೊಸ ಬೇರಿಂಗ್ ತರಿಸಿ.